ಪೆಪ್ಪರಮೆಂಟು ಅಕ್ಕಣಿ

ಕಳೆದ ವಾರ ಮೊಮ್ಮಗಳಿಗೆ ಜ್ವರ ಬಂತು. ಬ್ರಹ್ಮಾವರದ ಮೆಡಿಕಲ್ ಅಂಗಡಿಯಿಂದ ಮಗ ತಂದುಕೊಟ್ಟ ಔಷಧಿಯ ಬಾಟಲಿ, ಅದೇ ಕೇಸರಿ ಬಣ್ಣದ್ದು, ನಿಮ್ಮ ಮನೆಯ ಕಪಾಟಿನಲ್ಲೂ ಒಂದು ಇದ್ದೀತು, ಅದರ ಮುಚ್ಚಳ ತಿರುಗಿಸಿದೆ ನೋಡಿ, ಮೂಗಿಗೆ ಬಡಿದ ವಾಸನೆಗೆ ಚಮಚ ಹಿಡಿದ ಕೈ ಹಾಗೇ ನಿಂತಿತು. ಕಿತ್ತಳೆ ಹಣ್ಣಿನ ವಾಸನೆಯಂತೆ ಅದು. ಯಾವ ಕಿತ್ತಳೆ ಹಣ್ಣಿಗೂ ಆ ವಾಸನೆ ಇಲ್ಲ. ಹಣ್ಣನ್ನು ಕಂಡೇ ಇರದ ಯಾರೋ ಕಾರ್ಖಾನೆಯಲ್ಲಿ ಕೂತು ಊಹಿಸಿ ಮಾಡಿದ ಕಿತ್ತಳೆ. ಆದರೆ ನನಗೆ ಅದರ ಪರಿಚಯ ಅರವತ್ತು ವರ್ಷಕ್ಕೂ ಹಳೆಯದು. "ಅಜ್ಜಿ, ಬೇಗ ಕೊಡ್, ಅದ್ ಚಾಕ್ಲೇಟಿನ ಹಾಂಗೆ ಇತ್ತ್" ಎಂದು ಜ್ವರದಲ್ಲೂ ಬಾಯಿ ಕಳೆದು ಕೂತಿದ್ದ ಮಗುವಿಗೆ ಔಷಧಿ ಕುಡಿಸಿ, ಮುಖ ಒರೆಸಿ ಮಲಗಿಸಿ, ನಾನು ಹಿಂದಿನ ಜಗಲಿಗೆ ಹೋಗಿ ಕೂತೆ. ಸೊಸೆ ಬಂದು, "ಅತ್ತೆ, ಮೈ ಸಮ ಇಲ್ಯಾ?" ಎಂದು ಕೇಳಿದಳು. ಎಂತ ಹೇಳುವುದು? ಒಂಬತ್ತು ವರ್ಷದವಳಿದ್ದಾಗ ತಿಂದದ್ದು ಈಗ ಗಂಟಲಿಗೆ ಬಂದಿದೆ ಎಂದರೆ ನನ್ನನ್ನೂ ಡಾಕ್ಟರಲ್ಲಿಗೆ ಎಳೆದುಕೊಂಡು ಹೋದಾಳು. ಏನಿಲ್ಲ ಮಾರಾಯ್ತಿ, ಗಾಳಿಗೆ ಕೂತೆ ಎಂದು ಹೇಳಿ ಕಳಿಸಿದೆ.

ನಾನು ಬೆಳೆದದ್ದು ತೆಕ್ಕಟ್ಟೆಯಿಂದ ಮೂಡು ದಿಕ್ಕಿಗೆ, ಗದ್ದೆಯ ಅಂಚಿನ ಮೇಲೆ ಅರ್ಧ ಗಂಟೆ ನಡೆದರೆ ಸಿಗುತ್ತಿದ್ದ ಒಂದು ಹಂಚಿನ ಮನೆಯಲ್ಲಿ. ಅಮ್ಮನ ಕಡೆಯ ಮನೆ ಅದು. ಅಪ್ಪಯ್ಯ ಬೊಂಬಾಯಿಯ ಹೋಟೆಲೊಂದರಲ್ಲಿ ಹಣದ ಗಲ್ಲೆಯ ಮೇಲೆ ಕೂರುತ್ತಿದ್ದರು. ಅಮ್ಮ ಅಲ್ಲೇ ಒಂದು ಕೋಣೆಯ ಬಿಡಾರದಲ್ಲಿ ನನ್ನ ತಮ್ಮನನ್ನು ಸಾಕಿಕೊಂಡಿದ್ದಳು. ನಾಲ್ಕು ಜನ ಕಾಲು ಚಾಚಲು ಅಲ್ಲಿ ಜಾಗವಿಲ್ಲವೆಂದು ನನ್ನನ್ನು ಊರಲ್ಲೇ ಬಿಟ್ಟಿದ್ದರು. ಸಾಕಿದವರು ದೊಡ್ಡಮ್ಮ, ಅಂದರೆ ಅಮ್ಮನ ಅಕ್ಕ. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೇಸಾಯ, ಒಕ್ಕಲು, ದನ, ದೈವ ಎಲ್ಲವನ್ನೂ ಒಬ್ಬರೇ ನಡೆಸುತ್ತಿದ್ದರು. ಆ ಮನೆಯ ವಾಸನೆಯನ್ನು ಈಗಲೂ ಬಿಡಿಸಿ ಹೇಳಬಲ್ಲೆ: ಚಾವಡಿಯ ಮೂಲೆಯಲ್ಲಿ ಪೇರಿಸಿಟ್ಟ ಅಕ್ಕಿಮುಡಿಯ ಒಣಹುಲ್ಲು, ಅಂಗಳದಲ್ಲಿ ಬೇಯುವ ಭತ್ತದ ಹಬೆ, ದೊಡ್ಡಮ್ಮನ ಸೀರೆಯ ತೆಂಗಿನೆಣ್ಣೆ, ಮತ್ತೆ ಚಾವಡಿಯ ಬಡಗು ತುದಿಯ ದೈವದ ಕೋಣೆಯಿಂದ ಬರುವ ಎಣ್ಣೆ ಬತ್ತಿಯ ಕಮಟು. ನಮ್ಮ ಮನೆಯ ದೈವ ಹಾಯ್ಗುಳಿ. ಆ ಕೋಣೆಯ ಬಾಗಿಲು ಗಿಡ್ಡ. ದೊಡ್ಡವರು ಬಗ್ಗಿ ಹೋಗಬೇಕು, ಮಕ್ಕಳು ಹೋಗಲೇಬಾರದು. ಒಳಗೆ ಒಂದು ಮರದ ಹಲಗೆ, ಹಲಗೆಯ ಮೇಲೆ ಹಿತ್ತಾಳೆಯ ದೀಪ, ಕತ್ತಿ, ಕೆಂಪು ಬಟ್ಟೆ. ಆ ಬಾಗಿಲ ಮುಂದೆ ಹಾದು ಹೋಗುವಾಗ ನಾನು ಉಸಿರು ಬಿಗಿಹಿಡಿಯುತ್ತಿದ್ದೆ.

ಆ ಕಾಲಕ್ಕೆ ನಮಗೆ ಸಿಹಿ ಎಂದರೆ ಬೆಲ್ಲ. ಬಿಸಿಲಲ್ಲಿ ಬಂದವರಿಗೆ ಚೆಂಬು ನೀರಿನ ಜೊತೆ ಬೆಲ್ಲ, ಅತ್ತ ಮಗುವಿನ ಬಾಯಿಗೆ ಬೆಲ್ಲ, ಕದ್ದರೂ ಬೆಲ್ಲವೇ. ನಾವೇ ಮಾಡಿಕೊಳ್ಳುತ್ತಿದ್ದ ಮಿಠಾಯಿಯೊಂದಿತ್ತು: ಹುಣಸೆಹಣ್ಣಿಗೆ ಉಪ್ಪು, ಬೆಲ್ಲ, ಒಂದೇ ಒಂದು ಜೀರಿಗೆ ಮೆಣಸು ಹಾಕಿ ಕಲ್ಲಿನಲ್ಲಿ ಜಜ್ಜಿ, ಹಿಡಿಸೂಡಿ ಪೊರಕೆಯ ಕಡ್ಡಿಯ ತುದಿಗೆ ಮೆತ್ತಿ, ಕಣ್ಣು ಮುಚ್ಚಿ ಚೀಪುವುದು. ನಿಮ್ಮಲ್ಲಿ ಕೆಲವರ ಬಾಯಲ್ಲಿ ಈಗ ನೀರೂರಿರಬೇಕು. ಮಾರ್ಗದ ಬದಿಯ ಅಂಗಡಿಯಲ್ಲಿ ಗಾಜಿನ ಭರಣಿಗಳಿದ್ದವು. ಒಂದರಲ್ಲಿ ಕಿತ್ತಳೆ ತೊಳೆಯ ಆಕಾರದ ನಿಂಬೆಹುಳಿ ಪೆಪ್ಪರಮೆಂಟು, ಒಂದರಲ್ಲಿ ಬಿಳಿಯ ಶುಂಠಿ ಪೆಪ್ಪರಮೆಂಟು, ಮತ್ತೊಂದರಲ್ಲಿ ಇರುವೆಗಳೂ ಸೇರಿದ ಕಡ್ಲೆ ಮಿಠಾಯಿ. ವರ್ಷಕ್ಕೆ ನಾಲ್ಕು ಸಲ, ಹಬ್ಬಕ್ಕೋ ನೆಂಟರು ಬಂದಾಗಲೋ ಒಂದೊಂದು ಸಿಕ್ಕಿದರೆ ಅದನ್ನು ಚೀಪಿ, ಬಾಯಿಂದ ತೆಗೆದು ಎಷ್ಟು ಸವೆಯಿತು ನೋಡಿ, ಮತ್ತೆ ಬಾಯಿಗೆ ಹಾಕಿ, ಶಾಲೆಯವರೆಗೂ ಎಳೆಯುತ್ತಿದ್ದೆವು. ಗಟ್ಟಿ ಕಚ್ಚಿ ಬೇಗ ಮುಗಿಸಿದವರನ್ನು ಹೊಟ್ಟೆಬಾಕರೆಂದು ಗೇಲಿ ಮಾಡುತ್ತಿದ್ದೆವು.

ಈಗ ಅಕ್ಕಣಿಯ ವಿಷಯ ಹೇಳಬೇಕು. ಸುತ್ತಿ ಬಳಸಿ ತಡ ಮಾಡುತ್ತಿದ್ದೇನೆಂದು ನನಗೇ ಗೊತ್ತಾಗುತ್ತಿದೆ. ಅಕ್ಕಣಿ ನಮ್ಮ ಒಕ್ಕಲು. ಗದ್ದೆಯಾಚೆ, ನೀರು ಹರಿಯುವ ತೋಡಿನ ಬದಿಗೆ ಅವಳ ಹುಲ್ಲಿನ ಮನೆ. ಗಂಡ ಕೆಲಸಕ್ಕೆಂದು ಘಟ್ಟ ಹತ್ತಿದವನು ತಿರುಗಿ ಬಂದಿರಲಿಲ್ಲ. ಮಗಳೊಬ್ಬಳು ಜಲಜ, ಐದು ವರ್ಷದವಳು, ಯಾವಾಗಲೂ ತಾಯಿಯ ಸೆರಗಿಗೆ ಜೋತುಬಿದ್ದಿರುತ್ತಿತ್ತು. ಅಕ್ಕಣಿ ಗದ್ದೆಗೂ ಬರುವಳು, ಭತ್ತ ಕುಟ್ಟುವುದಕ್ಕೂ ಬರುವಳು, ಅಂಗಳಕ್ಕೆ ಸೆಗಣಿ ಸಾರಿಸುವುದಕ್ಕೂ ಅವಳೇ. ಬಾಯಿ ತುಂಬ ನಗು. ನನ್ನನ್ನು ಕಂಡರೆ, "ಹ್ವಾಯ್, ಬೊಂಬಾಯ್ ಹೆಣ್ಣೇ, ಮೂಗ್ ಒರ್ಸ್ಕಣಿ" ಎಂದು ತಮಾಷೆ ಮಾಡುತ್ತಿದ್ದಳು. ಗುಡ್ಡೆಯಲ್ಲಿ ಕೇಪಳ ಹಣ್ಣು ಕೆಂಪಾದ ಕೂಡಲೇ ಎಲೆಯಲ್ಲಿ ಕಟ್ಟಿ ತಂದು, ಅರ್ಧ ಜಲಜನಿಗೆ, ಅರ್ಧ ನನಗೆ ಕೊಡುವಳು. ಮಳೆಗಾಲದಲ್ಲಿ ತೋಡಿಗೆ ಅಡ್ಡ ಹಾಕಿದ ಮರದ ಸಂಕ ದಾಟುವಾಗ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ದಾಟಿಸುವವಳೂ ಅವಳೇ. ಆಗ ಜಲಜ ಹಿಂದಿನಿಂದ ನಡೆದು ಬರುತ್ತಿತ್ತು. ಅದು ಸರಿಯೋ ತಪ್ಪೋ ಎಂದು ನಾನಾಗಲಿ ಯಾರೇ ಆಗಲಿ ಯೋಚಿಸಿದ್ದಿಲ್ಲ.

ಆ ವರ್ಷ ದೀಪಾವಳಿ ಕಳೆದು ಕೊಯ್ಲು ಶುರುವಾಗುವ ಹೊತ್ತಿಗೆ ಮಾವ ಬೊಂಬಾಯಿಯಿಂದ ಬಂದ. ಅಮ್ಮನ ತಮ್ಮ, ಅವನಿಗೂ ಹೋಟೆಲಿನಲ್ಲೇ ಕೆಲಸ. "ಹ್ವಾಯ್, ಮನಿಯಗ್ ಯಾರಿದ್ರಿ?" ಎಂದು ಅಂಗಳದಿಂದಲೇ ಕೂಗಿ, ಟ್ರಂಕನ್ನು ಜಗಲಿಯಲ್ಲಿಟ್ಟು, ಎಲ್ಲರೂ ಸೇರಿದ ಮೇಲೆಯೇ ಬೀಗ ತೆಗೆಯುವುದು ಅವನ ದೌಲತ್ತು. ದೊಡ್ಡಮ್ಮನಿಗೆ ಸೀರೆ, ನನಗೆ ಫ್ರಾಕು, ಅಕ್ಕಣಿಗೆ ಒಂದು ರವಿಕೆ ಕಣ. ಕೊನೆಗೆ ಬಟ್ಟೆಯ ಅಡಿಯಿಂದ ಒಂದು ದುಂಡು ತಗಡಿನ ಡಬ್ಬಿ ತೆಗೆದ. ಮುಚ್ಚಳದ ಮೇಲೆ ಹಣ್ಣಿನ ಬುಟ್ಟಿಯ ಚಿತ್ರ. "ಇದ್ ನಿನ್ನ ಅಬ್ಬಿ ಕಳ್ಸಿದ್ದ್, ಸರೂ. ಬೊಂಬಾಯ್ ಪೆಪ್ಪರಮೆಂಟ್" ಎಂದು ಅಮ್ಮನ ಹೆಸರು ಹೇಳಿ ಮುಚ್ಚಳ ಎಬ್ಬಿಸಿ ನನ್ನ ಮೂಗಿನ ಹತ್ತಿರ ಹಿಡಿದ. ಅಯ್ಯೋ ದೇವರೇ, ಆ ವಾಸನೆ! ಕೆಂಪು, ಹಸಿರು, ಹಳದಿ, ಕೇಸರಿ, ಒಂದಕ್ಕೊಂದು ಅಂಟಿಕೊಂಡು, ಮೈತುಂಬ ಸಕ್ಕರೆ ಪುಡಿ ಹೊದ್ದು ಕೂತಿದ್ದವು. ನಾನು ಕೈ ಚಾಚುವಷ್ಟರಲ್ಲಿ ದೊಡ್ಡಮ್ಮ ಡಬ್ಬಿಯನ್ನು ಕಿತ್ತುಕೊಂಡು ಮುಚ್ಚಳ ಒತ್ತಿದರು. ಬೊಂಬಾಯಿಯಿಂದ ಬಂದ ತಿಂಡಿ ಯಾವುದೇ ಇರಲಿ, ತಿಂಗಳು ತಿಂಗಳೂ ಬರುವ ಸಂಕ್ರಾಂತಿಯ ದಿನ ದೈವಕ್ಕೆ ದೀಪ ಇಟ್ಟು ತೋರಿಸಿದ ಮೇಲೆಯೇ ಹಂಚುವುದು ನಮ್ಮ ಮನೆಯ ಪದ್ಧತಿ. ಪರವೂರಿಗೆ ಹೋದವರನ್ನು ಕಾಯುವುದು ಹಾಯ್ಗುಳಿ, ಹಾಗಾಗಿ ಮೊದಲ ಪಾಲು ಅದಕ್ಕೆ. "ಸಂಕ್ರಾಂತಿ ಆಪುವರೆಗೆ ಯಾರೂ ಮುಟ್ಟುಕಾಗ" ಎಂದು ದೊಡ್ಡಮ್ಮ ಬಗ್ಗಿ ಒಳಗೆ ಹೋಗಿ ಡಬ್ಬಿಯನ್ನು ಹಲಗೆಯ ಮೇಲೆ ಇಟ್ಟು ಬಂದರು. ಸಂಕ್ರಾಂತಿಗೆ ಇನ್ನೂ ಇಪ್ಪತ್ತು ದಿನವಿತ್ತು. ಮಾವ ಹತ್ತು ದಿನ ಇದ್ದು ಹೊರಟುಹೋದ.

ಅಮ್ಮನ ನೆನಪಾಗಿ ತಿಂದೆ ಎಂದು ಬರೆದರೆ ಕೇಳಲು ಚಂದ. ಹೆತ್ತವಳಿಂದ ದೂರವಿದ್ದ ಹೆಣ್ಣುಮಗು, ಅಮ್ಮ ಕಳಿಸಿದ್ದು, ತಡೆಯಲಾರದೆ ಬಾಯಿಗಿಟ್ಟಿತು; ಓದಿದವರೂ ಅಯ್ಯೋ ಪಾಪ ಅಂದಾರು. ಅದು ಸುಳ್ಳು. ರುಚಿಗೆ ತಿಂದೆ. ಮಧ್ಯಾಹ್ನ ಉಂಡು ದೊಡ್ಡಮ್ಮ ಚಾಪೆಯ ಮೇಲೆ ಅಡ್ಡಾದರೆ ಒಂದು ಗಳಿಗೆ ಗೊರಕೆ. ಶಾಲೆಗೆ ರಜೆಯಿದ್ದ ಒಂದು ದಿನ ಆ ಗೊರಕೆಯ ಹೊತ್ತಿನಲ್ಲಿ ನಾನು ಗಿಡ್ಡ ಬಾಗಿಲಿನೊಳಗೆ ನುಸುಳಿದೆ. ಒಂದೇ ಒಂದು, ಎಂದು ಹಾಯ್ಗುಳಿಗೇ ಮೆಲ್ಲಗೆ ಹೇಳಿದೆ. ಅಂಟಿಕೊಂಡಿದ್ದನ್ನು ಉಗುರಿನಿಂದ ಎಬ್ಬಿಸಿ, ಉಳಿದದ್ದು ಸಮವಾಗಲಿ ಎಂದು ಡಬ್ಬಿಯನ್ನು ಮೆಲ್ಲಗೆ ಅಲ್ಲಾಡಿಸಿ, ಮುಚ್ಚಿ, ಹೊರಗೆ ಬಂದು, ದನದ ಹಟ್ಟಿಯ ಹಿಂದೆ ಹೋಗಿ ಬಾಯಿಗೆ ಹಾಕಿದೆ. ಮೊದಲು ಸಕ್ಕರೆಯ ಮರಳು ನಾಲಗೆಗೆ ತರಿತರಿ. ಆಮೇಲೆ ಹುಳಿ, ದವಡೆಯ ಬುಡ ಜುಮ್ಮೆನ್ನುವ ಹುಳಿ. ಅದೂ ಇಳಿದ ಮೇಲೆ ಗಾಜಿನ ಹಾಗೆ ನುಣುಪು. ಚೀಪುತ್ತ ಚೀಪುತ್ತ ತೆಳ್ಳಗಾಗಿ ಕಡೆಗೆ ಅಂಚು ಹರಿತವಾಗಿ ನಾಲಗೆ ಗೀರುತ್ತಿತ್ತು. ಅಂಥ ಸುಖವನ್ನು ನಾನು ಆವರೆಗೆ ಕಂಡಿರಲಿಲ್ಲ. ತಿಂದು, ಬಣ್ಣ ಹೋಗಲೆಂದು ಹಲ್ಲುಜ್ಜುವ ಉಮಿಕರಿಯಿಂದ ನಾಲಗೆ ತಿಕ್ಕಿಕೊಂಡೆ. ಮರುದಿನ ಇನ್ನೊಂದು. ಆಮೇಲೆ ಶಾಲೆಯಿಂದ ಬಂದ ಕೂಡಲೇ ಒಂದು. ಹಾಯ್ಗುಳಿ ಏನೂ ಮಾಡಲಿಲ್ಲ. ಏನೂ ಮಾಡದಿದ್ದರಿಂದ ಎರಡೆರಡು. ಸಂಕ್ರಾಂತಿಗೆ ಮೂರು ದಿನವಿರುವಾಗ ನೋಡಿದರೆ ಡಬ್ಬಿಯ ತಳ ಕಾಣುತ್ತಿತ್ತು, ಹತ್ತೋ ಹನ್ನೆರಡೋ ಉಳಿದಿದ್ದವು. ಆದರೂ ಆ ದಿನವೂ ಒಂದು ತಿಂದೆ ನೋಡಿ.

ಸಂಕ್ರಾಂತಿಯ ಮುನ್ನಾದಿನ ದೈವದ ಕೋಣೆ ಚೊಕ್ಕ ಮಾಡುವುದು ವಾಡಿಕೆ. ಒಳಗೆ ಸಾರಿಸುವುದು ದೊಡ್ಡಮ್ಮ. ದೀಪ, ತಟ್ಟೆ, ಡಬ್ಬಿ ಎಲ್ಲವನ್ನೂ ತಂದು ಜಗಲಿಯಲ್ಲಿಟ್ಟರು. ಜಗಲಿಯ ಕೆಳಗೆ ಅಂಗಳದಲ್ಲಿ ಕೂತು ಅಕ್ಕಣಿ ಹುಣಸೆಹಣ್ಣು ಹಾಕಿ ಹಿತ್ತಾಳೆ ತಿಕ್ಕುತ್ತಿದ್ದಳು. ಒಂದು ಗಂಟೆ ಡಬ್ಬಿ ಅವಳ ಕೈಗೆಟಕುವ ಹಾಗೆ ಅಲ್ಲೇ ಇತ್ತು. ನಾನು ಚಾವಡಿಯ ಕಂಬದ ಮರೆಯಲ್ಲಿ ಕಣ್ಣು ಮುಚ್ಚಿ ಕೂತು, ಮಳೆ ಬರಲಿ, ಬೆಂಕಿ ಬೀಳಲಿ, ಏನಾದರೂ ಆಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ದೊಡ್ಡಮ್ಮ ಹೊರಗೆ ಬಂದು ಡಬ್ಬಿ ಎತ್ತಿದವರು ಹಾಗೇ ನಿಂತರು. ಅಲ್ಲಾಡಿಸಿದರು. ಮುಚ್ಚಳ ತೆಗೆದರು. ಅವರ ಮುಖ ಕೆಂಪಾದದ್ದು ನನಗೆ ಕಂಬದ ಮರೆಯಿಂದಲೇ ಕಂಡಿತು.

"ಸರೂ, ನೀ ಮುಟ್ಟಿದ್ಯಾ?"

"ಇಲ್ಲೆ ದೊಡ್ಡಮ್ಮ. ನಾ ತಿನ್ಲಿಲ್ಲೆ."

ನಾಲಗೆ ತೊದಲಲಿಲ್ಲ, ರೆಪ್ಪೆ ಬಡಿಯಲಿಲ್ಲ. ನನ್ನನ್ನು ಕೇಳಿದ್ದು ಒಂದು ಸಲ. ಅಕ್ಕಣಿಯನ್ನು ಮೂರು ಸಲ ಕೇಳಿದರು. ಮೊದಲ ಸಲ ಅವಳು ನಕ್ಕಳು, ತಮಾಷೆ ಎಂದುಕೊಂಡು. ಎರಡನೆಯ ಸಲ ಹುಣಸೆಹುಳಿ ಮೆತ್ತಿದ ಕೈ ಎತ್ತಿ ಎದ್ದು ನಿಂತಳು. "ನಾ ಮುಟ್ಲಿಲ್ಲೆ ಅಮ್ಮ. ದೈವದ ಎದ್ರ್ ಇಟ್ಟದ್ದನ್ನ್ ನಾ ತಿಂಬುದಾ?" ಮೂರನೆಯ ಸಲ ದೊಡ್ಡಮ್ಮ, "ಹಾಂಗಾರೆ ಡಬ್ಬಿಗ್ ಕಾಲ್ ಬಂತಾ?" ಎಂದಾಗ ಅವಳು ಪಕ್ಕದಲ್ಲಿದ್ದ ಜಲಜನ ತಲೆಯ ಮೇಲೆ ಕೈಯಿಟ್ಟಳು. "ನನ್ನ ಹೆಣ್ಣಿನ ಆಣಿ ಅಮ್ಮ. ನಾ ಒಂದೂ ತಿನ್ಲಿಲ್ಲೆ." ಜಲಜನ ಕೂದಲಿಗೆ ಹುಣಸೆಹುಳಿ ಮೆತ್ತಿತು. ದೊಡ್ಡಮ್ಮ ಬೈಯಲಿಲ್ಲ, ಹೊಡೆಯಲಿಲ್ಲ. ಮರುದಿನ ದೀಪ ಹಚ್ಚಿ, ಎಲ್ಲರೂ ಕೇಳುವ ಹಾಗೆ, "ತಿಂದವ್ರ್ ಯಾರಂದ್ ಏಳ್ ದಿನದೊಳ್ಗೆ ನೀನೇ ತೋರಿಸ್ಕ್" ಎಂದು ಹಾಯ್ಗುಳಿಗೆ ಒಪ್ಪಿಸಿಬಿಟ್ಟರು. ಉಳಿದ ಪೆಪ್ಪರಮೆಂಟನ್ನು ಯಾರಿಗೂ ಹಂಚಲಿಲ್ಲ; ಬಾವಿಯ ಆಚೆ ಗುಂಡಿ ತೋಡಿ ಹೂಳಿಸಿದರು.

ಆ ಏಳು ದಿನ ನಾನು ಬದುಕಿದ ಬಗೆ ನನಗೇ ಗೊತ್ತು. ಹೊಟ್ಟೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅನ್ನ ಸೇರುತ್ತಿರಲಿಲ್ಲ. ದೊಡ್ಡಮ್ಮನ ಹತ್ತಿರ ಹೋಗಿ ಹೇಳಿಬಿಡೋಣ ಎಂದು ಅಡುಗೆಮನೆಯ ಹೊಸ್ತಿಲವರೆಗೆ ಹೋದದ್ದು ಎಷ್ಟು ಸಲವೋ. ಹೋದಾಗಲೆಲ್ಲ, "ಎಂತ ಬೇಕಾ ಮಗಾ?" ಎಂದು ಅವರು ಪ್ರೀತಿಯಿಂದ ಕೇಳುವರು, ನಾನು ನೀರು ಬೇಕು ಎಂದು ಕುಡಿದು ಬರುವೆ. ಐದನೆಯ ದಿನ ಅಕ್ಕಣಿ ಕೊಯ್ಲಿಗೆ ಬರಲಿಲ್ಲ. ಜಲಜನಿಗೆ ಚಳಿಜ್ವರ, ಮೈ ಕೆಂಡ, ಕಣ್ಣು ಬಿಡುವುದಿಲ್ಲ ಎಂದು ಗದ್ದೆಯ ಹೆಂಗಸರು ಹೇಳಿದರು. ಹೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗಳ ಮೇಲೆ ಆಣೆ ಹಾಕಿದವಳು, ಮಗಳಿಗೇ ಬಂತು. ಇನ್ನು ಯಾರಿಗೆ ಯಾವ ಅನುಮಾನ? ಆಗ ನನಗೆ ಆದದ್ದನ್ನು ಮುಚ್ಚಿಡುವುದಿಲ್ಲ. ನನಗೆ ಸಮಾಧಾನವಾಯಿತು. ಹಾಯ್ಗುಳಿ ಮನೆ ತಪ್ಪಿ ಅವರಲ್ಲಿಗೆ ಹೋಯಿತು, ನಾನು ಉಳಿದೆ ಎಂದು ಒಳಗಿನಿಂದ ಖುಷಿ ಉಕ್ಕಿ ಬಂತು. ಆ ರಾತ್ರಿ ಬಂಗಡೆಯ ಸಾರಿನಲ್ಲಿ ಎರಡೆರಡು ಸಲ ಅನ್ನ ಹಾಕಿಸಿಕೊಂಡು ಉಂಡೆ. ಗದ್ದೆಯಾಚೆ ಒಂದು ಮಗು ಜ್ವರದಲ್ಲಿ ನರಳುತ್ತಿದೆ, ನಾನು ಬೆರಳು ನೆಕ್ಕುತ್ತಿದ್ದೇನೆ. ಇಷ್ಟು ವರ್ಷದಲ್ಲಿ ನಾನು ಯಾರಿಗೂ ಹೇಳಿಕೊಳ್ಳಲಾಗದೆ ಉಳಿದದ್ದು ಕದ್ದ ವಿಷಯಕ್ಕಿಂತ ಹೆಚ್ಚಾಗಿ ಈ ಊಟದ ವಿಷಯ.

ಏಳನೆಯ ದಿನ ಬೆಳಿಗ್ಗೆ ಅಕ್ಕಣಿ ಅಂಗಳಕ್ಕೆ ಬಂದಳು. ಹೆಗಲ ಮೇಲೆ ಜಲಜ, ಬಟ್ಟೆ ಸುತ್ತಿದ ಮೂಟೆಯ ಹಾಗೆ. ಇನ್ನೊಂದು ಕೈಯಲ್ಲಿ ಕಾಲು ಕಟ್ಟಿದ ಕೋಳಿ, ಅವಳಿಗಿದ್ದ ಒಂದೇ ಮೊಟ್ಟೆ ಇಡುವ ಕೋಳಿ. ದೈವಕ್ಕೆ ತಪ್ಪು ಕಾಣಿಕೆ. ತಪ್ಪು ಮಾಡಿದವರು ಒಪ್ಪಿಕೊಂಡು ದೈವದ ಮುಂದೆ ಇಡುವ ಕಾಣಿಕೆ ಅದು. ಇಟ್ಟರೆ ದೈವ ಕೈ ಬಿಡುತ್ತದೆ ಎಂದು ನಂಬಿಕೆ. ಅವಳ ಕಣ್ಣು ಕುಳಿಬಿದ್ದಿತ್ತು. ದೊಡ್ಡಮ್ಮ ಜಗಲಿಯಲ್ಲಿ ನಿಂತರು, ನಾನು ಅವರ ಬೆನ್ನ ಹಿಂದೆ.

"ತಪ್ಪಾಯ್ತ್ ಅಮ್ಮ. ದೀಪ ತಿಕ್ಕುವಾಗ ಯಾರೂ ಇರ್ಲಿಲ್ಲೆ. ನಾ ಡಬ್ಬಿ ಮುಚ್ಚ್ಲ ತೆಗ್ದ್ ಮೂಸ್ದೆ."

ದೈವಕ್ಕೆಂದು ಇಟ್ಟ ಹೂವನ್ನು ಮೂಸಿದರೆ ಅದು ಎಂಜಲಾದ ಹಾಗೆ ಎಂದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಹೇಳಿಕೊಡುತ್ತಾರೆ. ಅಕ್ಕಣಿ ಎರಡು ರಾತ್ರಿ ಮಗಳ ಪಕ್ಕ ಕೂತು, ತಾನು ಮಾಡಿದ ತಪ್ಪು ಏನೆಂದು ಹುಡುಕಿ ಹುಡುಕಿ, ಕಡೆಗೆ ಆ ಒಂದು ಉಸಿರನ್ನು ಹಿಡಿದು ತಂದಿದ್ದಳು. ದೊಡ್ಡಮ್ಮನಿಗೆ ಅದು ಸಾಲಲಿಲ್ಲ. ಅವರು ಕೆಟ್ಟವರಲ್ಲ, ಮಗು ಉಳಿಯಲಿ ಎಂದೇ ಅವರ ಆಸೆ. "ಮೂಸಿದ್ ಮಾತ್ರವಾ ಅಕ್ಕಣಿ? ಅರ್ಧ ಹೇಳಿರೆ ಅದ್ ಒಪ್ಪುದಿಲ್ಲೆ. ಹೆಣ್ಣಿನ ಮುಖ ಕಾಣ್. ತಿಂದದ್ದ್ ಹೇಳಿ ಬಿಡ್" ಎಂದರು. ಅಕ್ಕಣಿ ಹೆಗಲ ಮೇಲಿದ್ದ ಮಗುವಿನ ಮುಖ ನೋಡಿದಳು.

"ತಿಂದೆ ಅಮ್ಮ."

"ಎಷ್ಟ್?"

"ಗೊತ್ತಿಲ್ಲೆ. ನೀವ್ ಹೇಳಿದಷ್ಟ್."

ಆಗಲಾದರೂ ಬಾಯಿ ಬಿಡಬಹುದಿತ್ತು. ದೊಡ್ಡಮ್ಮನ ಸೆರಗು ನನ್ನ ಕೈಯಲ್ಲೇ ಇತ್ತು, ಎಳೆದರೆ ಸಾಕಿತ್ತು. ನಾನು ಎಳೆಯಲಿಲ್ಲ. ದೊಡ್ಡಮ್ಮ ಕೋಳಿಯನ್ನು ತೆಗೆದುಕೊಂಡು ದೈವದ ಕೋಣೆಯ ಮುಂದೆ ಇಟ್ಟು ಕೈಮುಗಿದರು. ಆಮೇಲೆ ಕೂಡಲೇ ಗಾಡಿ ಕಟ್ಟಿಸಿ, ಮಗುವನ್ನೂ ತಾಯಿಯನ್ನೂ ಕುಂದಾಪುರದ ಡಾಕ್ಟರಲ್ಲಿಗೆ ಕಳಿಸಿದರು. ಡಾಕ್ಟರು ಸೂಜಿ ಕೊಟ್ಟರು, ಗುಳಿಗೆ ಕೊಟ್ಟರು. ಮೂರು ದಿನಕ್ಕೆ ಜಲಜ ಎದ್ದು ಗಂಜಿ ಕುಡಿಯಿತು. ಡಾಕ್ಟರ ಹೆಸರನ್ನು ಯಾರೂ ಎತ್ತಲಿಲ್ಲ. ಹಾಯ್ಗುಳಿ ಒಪ್ಪಿಕೊಂಡಿತು ಎಂದು ಊರೆಲ್ಲ ಮಾತಾಡಿತು. ಹೌದಲ್ಲವೇ, ಅವಳು ಒಪ್ಪಿಕೊಂಡ ದಿನವೇ ಜ್ವರ ಇಳಿಯಲು ಶುರುವಾಗಿತ್ತಲ್ಲ.

ವಾರದ ಮೇಲೆ ಅಕ್ಕಣಿ ಕೆಲಸಕ್ಕೆ ಬಂದಳು. ನಾನು ಬಾವಿಕಟ್ಟೆಯ ಹತ್ತಿರ ಒಬ್ಬಳೇ ಇದ್ದದ್ದನ್ನು ನೋಡಿ ಹತ್ತಿರ ಬಂದು, ನನ್ನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತಳು. "ಸರಸಮ್ಮ, ನಿಮ್ ಅಬ್ಬಿ ಅಷ್ಟ್ ದೂರದಿಂದ ನಿಮ್ಗಂದ್ ಕಳ್ಸಿದ್ದ್. ನನ್ನಿಂದ ನಿಮ್ ಬಾಯಿಗ್ ಒಂದೂ ಬೀಳ್ಲಿಲ್ಲೆ. ಬೇಜಾರ್ ಮಾಡ್ಕಣ್ಬ್ಯಾಡಿ" ಎಂದಳು. ನಾನು ಏನು ಹೇಳಿದೆ ಗೊತ್ತೇ? "ಆಯ್ತ್, ಹೋಯ್ಲಿ ಬಿಡ್" ಎಂದೆ. ದೊಡ್ಡಮ್ಮ ಹೇಳುವ ಹಾಗೆಯೇ, ದೊಡ್ಡ ಮನಸ್ಸು ಮಾಡಿದವಳ ಹಾಗೆ. ಅವಳನ್ನು ನಾನು ಕ್ಷಮಿಸಿದೆ! ಅವಳ ಕಣ್ಣಲ್ಲಿ ನೀರು ಬಂತು. ಸುಡಲಿ ನನ್ನ ನಾಲಗೆಯನ್ನು. ಅವತ್ತಿನಿಂದ ಅವಳು ಜಗಲಿ ಹತ್ತುವುದು ನಿಂತಿತು, ಹಿತ್ತಾಳೆ ತಿಕ್ಕುವ ಕೆಲಸ ಬೇರೆಯವರಿಗೆ ಹೋಯಿತು. ಊರಲ್ಲಿ ಇನ್ನೂ ಇಬ್ಬರು ಅಕ್ಕಣಿಯರಿದ್ದರು. ಇವಳು ಪೆಪ್ಪರಮೆಂಟು ಅಕ್ಕಣಿಯಾದಳು. ಶಾಲೆಯ ಮಕ್ಕಳು ಗದ್ದೆಯಂಚಿನಲ್ಲಿ ಅವಳನ್ನು ಕಂಡರೆ, "ಪೆಪ್ಪರಮೆಂಟ್, ಒಂದ್ ಕೊಡ್" ಎಂದು ಕೂಗಿ ಓಡುತ್ತಿದ್ದರು. ಒಂದು ಸಲ ಅವರ ಜೊತೆ ನಾನೂ ಕೂಗಿದೆ. ಸುಮ್ಮನಿದ್ದರೆ ನನ್ನ ಮೇಲೆ ಅನುಮಾನ ಬಂದೀತು ಎಂದು.

ಆಮೇಲೆ ನಾನು ಬೊಂಬಾಯಿಗೆ ಹೋದೆ, ಓದಿದೆ, ಇಪ್ಪತ್ತೊಂದಕ್ಕೆ ಬಾರ್ಕೂರಿನ ಮನೆಗೆ ಮದುವೆಯಾಗಿ ಬಂದೆ. ಬೊಂಬಾಯಿಯಲ್ಲಿ ಅಂಥ ಡಬ್ಬಿಗಳು ಬೀದಿಗೊಂದು ಅಂಗಡಿಯಲ್ಲಿದ್ದವು. ಅಮ್ಮ ಒಂದು ಸಲ ತಂದು ಮುಂದಿಟ್ಟಾಗ ಮುಚ್ಚಳವನ್ನೂ ತೆಗೆಯದೆ ತಮ್ಮನ ಕಡೆ ತಳ್ಳಿದೆ. ಮೊದಲ ಮಗು ಹೊಟ್ಟೆಯಲ್ಲಿದ್ದಾಗ, ಜಲಜನ ಆ ಜ್ವರದ ಮುಖ ಕನಸಿನಲ್ಲಿ ಬರತೊಡಗಿತು. ಸಾವಿರದ ಒಂಬೈನೂರ ಎಪ್ಪತ್ತರ ನಂತರದ ಮಾತು ಇದು. ಇನ್ನು ತಡೆಯಲಾರೆ ಎನಿಸಿ, ಗಂಡನಿಗೆ ದೊಡ್ಡಮ್ಮನನ್ನು ನೋಡಿ ಬತ್ತೆ ಎಂದು ಹೇಳಿ, ಬಸ್ಸು ಹತ್ತಿ ತೆಕ್ಕಟ್ಟೆಯಲ್ಲಿ ಇಳಿದೆ. ದೊಡ್ಡಮ್ಮನ ಮನೆಗೆ ಹೋಗುವ ಮೊದಲೇ ತೋಡಿನ ಬದಿಗೆ ತಿರುಗಿದೆ. ಅಕ್ಕಣಿಯ ಮನೆಗೆ ಈಗ ಹಂಚು ಬಂದಿತ್ತು. ಅವಳ ತಲೆಗೂದಲು ಅರ್ಧ ಬೆಳ್ಳಗಾಗಿತ್ತು. "ಓ ದೇವ್ರೇ, ಸರಸಮ್ಮ! ಬನಿ, ಬನಿ. ಜಲಜಾ, ಕಾಪಿಗ್ ಇಡ್" ಎಂದು ಚಾಪೆ ಬಿಡಿಸಿದಳು. ಜಲಜ ಒಳಗಿನಿಂದ ಇಣುಕಿ ನಕ್ಕಳು. ಶಿರೂರಿಗೆ ಮದುವೆ ಮಾಡಿ ಕೊಟ್ಟಿದ್ದರು. ಈಗ ಏಳು ತಿಂಗಳು, ಹೆರಿಗೆಗೆಂದು ತಾಯಿಮನೆಗೆ ಬಂದಿದ್ದಳು. ಅವಳು ಒಲೆಯ ಹತ್ತಿರ ಹೋದ ಮೇಲೆ ನಾನು ಅಕ್ಕಣಿಯ ಕೈ ಹಿಡಿದುಕೊಂಡು ಹೇಳಿದೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ಬರಲಿಲ್ಲ. ಆ ಪೆಪ್ಪರಮೆಂಟು ತಿಂದದ್ದು ನಾನು ಅಕ್ಕಣಿ, ಅಷ್ಟನ್ನೂ ನಾನೇ ತಿಂದದ್ದು, ನಿನ್ನ ಮೇಲೆ ಬರುವಾಗ ಸುಮ್ಮನೆ ನಿಂತದ್ದೂ ನಾನೇ ಎಂದೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅಳುತ್ತಾಳೆ ಎಂದೂ ಅಂದುಕೊಂಡಿದ್ದೆ. ಅವಳು ಹೆದರಿದಳು. ನನ್ನ ಕೈ ಬಿಡಿಸಿಕೊಂಡು ಒಳಗೆ ನೋಡಿದಳು. "ಮೆಲ್ಲ ಹೇಳಿ. ಎಂತ ಮಾತ್ ಇದ್, ಈಗ?" ಎಂದು ಪಿಸುಗುಟ್ಟಿದಳು. ನಾನು, ಹೌದು ಅಕ್ಕಣಿ, ದೈವದ ಆಣೆಗೂ ನಾನೇ ಎನ್ನಲು ಹೊರಟೆ. ಅವಳು ನನ್ನ ಬಾಯಿಗೆ ಅಂಗೈ ಒತ್ತಿದಳು.

"ಆಣಿ ಹಾಕ್ಬ್ಯಾಡಿ. ನಾ ತಪ್ಪು ಕಾಣಿಕಿ ಇಟ್ಟ್ ಮುಗ್ಸಿದ್ ಅದ್. ನಾ ತಿಂದೆ ಅಂದ ದಿನವೇ ನನ್ನ ಹೆಣ್ಣಿನ ಜ್ವರ ಇಳ್ದದ್ದ್. ಈಗ ನೀವ್ ತಿಂದದ್ದ್ ಅಂದ್ರೆ ನಾ ಅವತ್ತ್ ದೈವದ ಎದ್ರ್ ಹೇಳಿದ್ದ್ ಸುಳ್ಳಾತ್ತ್, ಕಾಣಿಕಿಯೂ ಸುಳ್ಳಾತ್ತ್. ಅದ್ ತಿರ್ಗಿ ಬಂದ್ರೆ? ಅವ್ಳಿಗ್ ಏಳ್ ತಿಂಗ್ಳ್ ಸರಸಮ್ಮ."

ನಾನು ಹದಿನಾಲ್ಕು ವರ್ಷ ಹೊತ್ತುಕೊಂಡಿದ್ದನ್ನು ಅವಳ ಕಾಲ ಬುಡದಲ್ಲಿ ಇಳಿಸಲು ಬಂದಿದ್ದೆ. ಇಳಿಸಿದರೆ ಅದು ಅವಳ ಮಗಳ ಹೊಟ್ಟೆಯ ಮೇಲೆ ಬೀಳುತ್ತದೆ ಎಂದು ಅವಳ ಮುಖ ಹೇಳುತ್ತಿತ್ತು. ಅದೆಲ್ಲ ಮೂಢನಂಬಿಕೆ ಎಂದು ಬುದ್ಧಿ ಹೇಳಲು ನನ್ನಲ್ಲಿ ನಾಲಗೆ ಎಲ್ಲಿತ್ತು? ಅವಳು ನನ್ನ ಎರಡೂ ಕೈ ಹಿಡಿದಳು. "ನೀವ್ ತಿನ್ಲಿಲ್ಲೆ ಅಂದ್ ಬಾಯ್ಬಿಟ್ಟ್ ಹೇಳಿ. ಅದ್ಕೆ ಕೇಂಬ್ಕ್" ಎಂದಳು. ಅದಕ್ಕೆ, ಅಂದರೆ ಗದ್ದೆಯಾಚೆ ಗಿಡ್ಡ ಬಾಗಿಲಿನ ಒಳಗಿರುವ ಹಾಯ್ಗುಳಿಗೆ ಕೇಳಿಸಬೇಕು.

"ನಾ ತಿನ್ಲಿಲ್ಲೆ ಅಕ್ಕಣಿ. ಸುಮ್ನೆ ತಮಾಷಿಗ್ ಹೇಳ್ದೆ."

ಅವಳ ಹೆಗಲು ಇಳಿಯಿತು. ಕಣ್ಣೊರೆಸಿಕೊಂಡು, "ಎಂಥ ತಮಾಷಿ ಮಾರಾಯ್ತಿ ನಿಮ್ದ್, ಜೀವ ಹೋಯಿತ್ತ್ ನಂದ್" ಎಂದು ನಕ್ಕಳು. ಜಲಜ ಕಾಫಿ ತಂದುಕೊಟ್ಟಳು. ಬೆಲ್ಲದ ಕಾಫಿ. ಕುಡಿದೆ. ಎರಡು ತಿಂಗಳಿಗೆ ಜಲಜನಿಗೆ ಸುಖವಾಗಿ ಹೆರಿಗೆಯಾಯಿತು ಎಂದು ದೊಡ್ಡಮ್ಮ ಕಾಗದ ಬರೆಸಿದರು.

ದೊಡ್ಡಮ್ಮ ಹೋದರು. ಮನೆಯನ್ನು ಬಿಚ್ಚಿ ಮರಮಟ್ಟು ಮಾರಿದರು. ಹಾಯ್ಗುಳಿಗೆ ಮಾರ್ಗದ ಹತ್ತಿರ ಸಿಮೆಂಟಿನ ಗುಡಿ ಆಯಿತು, ಬಾಗಿಲು ಎತ್ತರವಾಗಿದೆ, ಯಾರೂ ಬಗ್ಗಬೇಕಾಗಿಲ್ಲ. ಅಂಗಳವಿದ್ದಲ್ಲಿ ಈಗ ಹುಲ್ಲು. ಅಕ್ಕಣಿ ಬಹಳ ವರ್ಷ ಬದುಕಿದಳು, ಕಳ್ಳಿ ಎಂಬ ಹೆಸರು ಹೊತ್ತುಕೊಂಡೇ ಬದುಕಿದಳು. ಅವಳು ಹೋದ ಸುದ್ದಿ ನನಗೆ ಸಿಕ್ಕಿದ್ದು ತಡವಾಗಿ. ಬೊಜ್ಜದ ದಿನ, ಉತ್ತರಕ್ರಿಯೆಯ ಊಟಕ್ಕೆ, ಹೋದೆ. ಎಲೆಯ ಮುಂದೆ ಕೂತು ಬಡಿಸಿದ್ದನ್ನು ಉಂಡೆ. ಹೊರಡುವಾಗ ಜಲಜ ಅಂಗಳದವರೆಗೆ ಬಂದಳು. ಅವಳ ತಲೆಯಲ್ಲೂ ನರೆ. "ಅಬ್ಬಿ ಯಾವಾಗ್ಳೂ ನಿಮ್ ಸುದ್ದಿ ಹೇಳ್ತಿದ್ಲ್. ಸರಸಮ್ಮ ಬಾರೀ ಒಳ್ಳೆಯವ್ರ್, ನಾ ಅಷ್ಟ್ ಮಾಡಿರೂ ನಂಗೆ ಒಂದ್ ಮಾತ್ ಬೈಲಿಲ್ಲೆ ಅಂದೇಳಿ" ಎಂದಳು. ನಾನು ತಲೆ ತಗ್ಗಿಸಿ, ರಾಶಿ ಬಿದ್ದಿದ್ದ ಚಪ್ಪಲಿಗಳಲ್ಲಿ ನನ್ನದನ್ನು ಹುಡುಕುತ್ತ ನಿಂತೆ.